ನಮ್ಮ ವಾರ್ಡಿಗೆ ಯಾರು ನಿಲ್ಲಬೇಕು?



ಮತ ಹಾಕುವುದು ನಮಗೆಲ್ಲ ಗೊತ್ತು. 18 ವರ್ಷ ತುಂಬಿದವರು ಮತ ಹಾಕಬಹುದು. ಆದರೆ ಮತ ಹಾಕುವ ಮೊದಲು ಇನ್ನೊಂದು ಕೆಲಸ ನಡೆಯುತ್ತದೆ. ಚುನಾವಣೆಗೆ ಯಾರು ನಿಲ್ಲಬೇಕು ಎಂದು ತೀರ್ಮಾನ ಆಗುತ್ತದೆ. ಆ ತೀರ್ಮಾನ ಎಲ್ಲಿ ಆಗುತ್ತದೆ? ಯಾರು ಮಾಡುತ್ತಾರೆ? ಅಲ್ಲಿ ನಾವು ಇರುತ್ತೇವೆಯೇ?

ಇಲ್ಲಿ ಒಂದು ಊರಿನ ಕಥೆ ಇದೆ. ಆ ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಇದೆ ಎಂದು ತಿಳಿಯಿರಿ. ಕಥೆ ಓದಿರಿ. ಆಮೇಲೆ ನಿಮ್ಮ ಊರಿನ ಮಾತು ಆಡಿರಿ.

ಗುಡಿ ಕಟ್ಟೆಯ ಮಾತು

2020ರ ಡಿಸೆಂಬರ್ ತಿಂಗಳು. ಹತ್ತಿ ಬಿಡಿಸುವ ಕಾಲ. ಅದು ಕೊರೊನಾ ವರ್ಷ. ಬೆಂಗಳೂರು, ಪುಣೆಗೆ ದುಡಿಯಲು ಹೋದವರು ಊರಿಗೆ ಮರಳಿದ್ದರು. ಊರ ತುಂಬ ಜನ ಇದ್ದರು.

ಗ್ರಾಮ ಪಂಚಾಯ್ತಿ ಚುನಾವಣೆ ಬಂದಿತ್ತು. ಆ ವಾರ್ಡಿನ ಒಂದು ಸೀಟು ಮಹಿಳೆಗೆ ಮೀಸಲು. ಯಾವ ಜಾತಿಯ ಹೆಣ್ಣುಮಗಳಾದರೂ ನಿಲ್ಲಬಹುದು.

ಊರಿನ ಹಿರಿಯರು ಗುಡಿ ಕಟ್ಟೆಯ ಮೇಲೆ ಕೂಡಿದರು. ಒಬ್ಬ ಹಿರಿಯರು ಹೇಳಿದರು:

“ದೊಡ್ಡಮನಿ ಸಾಹುಕಾರ್ರು ಗುಡಿಗೆ ಎರಡು ಲಕ್ಷ ಕೊಡ್ತಾರ. ಅವರ ಸೊಸಿ ಒಬ್ಬಾಕಿನೇ ಅರ್ಜಿ ಹಾಕ್ಲಿ. ಬ್ಯಾರೆ ಯಾರೂ ಹಾಕೋದು ಬ್ಯಾಡ. ಜಗಳ ಇಲ್ಲ, ಖರ್ಚಿಲ್ಲ. ಊರಿಗೂ ಛಲೋ.”

ಕಟ್ಟೆಯ ಮೇಲೆ ಇದ್ದವರೆಲ್ಲ ಗಂಡಸರು. ಎಲ್ಲರೂ ತಲೆ ಆಡಿಸಿದರು. ಸೀಟು ಹೆಣ್ಣುಮಕ್ಕಳದು. ಆದರೆ ಒಬ್ಬ ಹೆಣ್ಣುಮಗಳನ್ನೂ ಯಾರೂ ಕೇಳಲಿಲ್ಲ.

ಕಲಿಕಾ ಕೇಂದ್ರದಲ್ಲಿ

ರಾತ್ರಿ ರೊಟ್ಟಿ ಉಂಡು ಹೆಂಗಸರು ಕಲಿಕಾ ಕೇಂದ್ರಕ್ಕೆ ಬಂದರು. ಆ ದಿನ ಯಾರೂ ಪುಸ್ತಕ ತೆರೆಯಲಿಲ್ಲ. ಗುಡಿ ಕಟ್ಟೆಯ ಮಾತೇ ಮಾತು.

ಒಬ್ಬ ತಾಯಿ ಹೇಳಿದಳು: “ಗುಡಿ ಕೆಲಸ ಆಗ್ತದಲ್ಲ. ತಪ್ಪೇನದ?”

ಮೂಲೆಯಲ್ಲಿ ಕುಳಿತ ಅಜ್ಜಿ ನಕ್ಕಳು. “ಯವ್ವಾ, ಅಂಗಡ್ಯಾಗ ಒಂದೇ ಸೀರಿ ಇಟ್ಟು, ಆರಿಸ್ಕೋ ಅಂದಂಗ ಆಯ್ತು ನೋಡು. ಒಬ್ಬಾಕಿನೇ ಇದ್ರ ಆರಿಸೋದು ಏನದ?”

ಯಾದಗಿರಿ ಕಡೆಯಿಂದ ಬಂದ ಸೊಸೆ ಕೇಳಿದಳು: “ಹಂಗಾದ್ರ ಬ್ಯಾರೆ ಯಾರು ನಿಲ್ಲಬೇಕು ಅಜ್ಜಿ?”

“ನಮ್ಮ ಹತ್ತಿ ಗುಂಪಿನಾಕಿ ಇಲ್ಲೇನು?”

ಎಲ್ಲರೂ ಒಮ್ಮೆ ಸುಮ್ಮನಾದರು. ಹತ್ತಿ ಗುಂಪಿನ ಅಕ್ಕ ಆ ದಿನ ಬಂದಿರಲಿಲ್ಲ. ಮಗುವಿಗೆ ಜ್ವರ ಇತ್ತು. ಅವಳು ಕೂಲಿ ಹೆಂಗಸರನ್ನು ಕೂಡಿಸಿಕೊಂಡು ಹೊಲಕ್ಕೆ ಹೋಗುವವಳು. ಯಾರು ಎಷ್ಟು ಕಿಲೋ ಹತ್ತಿ ಬಿಡಿಸಿದರು ಎಂಬ ಲೆಕ್ಕ ಅವಳ ತಲೆಯಲ್ಲೇ ಇರುತ್ತಿತ್ತು.

ಆಮೇಲೆ ಮಾತು ಜೋರಾಯಿತು.

“ಆಕಿಗೆ ಈಗೀಗ ಓದಲಾಕ ಬರ್ತದ. ಪಂಚಾಯ್ತಿ ಕಾಗದ ಹ್ಯಾಂಗ ಓದ್ತಾಳ? ದೊಡ್ಡಮನಿ ಸೊಸಿ ಹತ್ತನೇ ತನಕ ಸಾಲಿ ಕಲ್ತಾಳ.”

“ಸಾಲಿ ಕಲ್ತರೇನು? ಆಕಿ ಮನಿ ಬಿಟ್ಟು ಹೊರಗ ಬಂದಾಳೇನು? ಸಹಿ ಆಕಿದು, ಮಾತು ಗಂಡಂದು ಆಗ್ತದ.”

“ಹಂಗ ಅನಬ್ಯಾಡ ತಂಗಿ. ನನ್ನ ಮಗಳ ಹೆರಿಗಿ ಟೈಮದಾಗ ನಡುರಾತ್ರಿ ಗಾಡಿ ಕಳಿಸ್ದಾಕಿ ಆಕಿನೇ. ಆಕಿ ಮನಸು ಛಲೋ ಅದ.”

“ಹತ್ತಿ ಗುಂಪಿನಾಕಿ ಏನು ಕಡಿಮಿ? ನಮ್ಮ 14 ಮಂದಿದು ಕೂಲಿ ನಿಂತಾಗ ಮೂರು ಸಲ ಕಚೇರಿಗೆ ಹೋಗ್ಯಾಳ. ಕೂಲಿ ಬರೋತನಕ ಬಿಡಲಿಲ್ಲ.”

“ಖರೇ. ಆದ್ರ ಆಕಿಗೆ ಸಿಟ್ಟು ಭಾಳ. ಮತ್ತ ಬ್ಯಾಸಗಿ ಬಂದ್ರ ಗುಳೆ ಹೋಗ್ತಾಳ. ಆವಾಗ ನಳದ ನೀರು ಬರಲಿಲ್ಲ ಅಂದ್ರ ಯಾರಿಗೆ ಕೇಳೋಣು?”

ಈ ಪ್ರಶ್ನೆಗೆ ಯಾರಲ್ಲೂ ಉತ್ತರ ಇರಲಿಲ್ಲ.

ಒಬ್ಬಳು ಮೆಲ್ಲಗೆ ಹೇಳಿದಳು: “ನಾವು ಏನು ಮಾತಾಡಿದ್ರೇನು? ದೊಡ್ಡವರು ಹೆಸರು ಹೇಳಿ ಆಗ್ಯದ. ಮುಗೀತಲ್ಲ.”

ಆಗ ಕೇಂದ್ರದ ಪ್ರೇರಕಿ ಮಾತಾಡಿದಳು. “ದೊಡ್ಡವರು ಹೆಸರು ಹೇಳಿದ ಕೂಡಲೇ ಮುಗಿಯೋದಿಲ್ಲ ಅಕ್ಕಾ. ದೇಶದ ಎಲ್ಲಕ್ಕಿಂತ ದೊಡ್ಡ ಹುದ್ದೆಗೂ ಒಮ್ಮೆ ಹೀಗೇ ಆಗಿತ್ತು. ಅದೂ ನಮ್ಮ ಬೆಂಗಳೂರಿನಲ್ಲೇ.”

ಬೆಂಗಳೂರಿನಲ್ಲಿ ನಡೆದ ಚರ್ಚೆ

ನಮ್ಮ ದೇಶದ ಮೊದಲ ಪ್ರಜೆ ರಾಷ್ಟ್ರಪತಿ. ರಾಷ್ಟ್ರಪತಿಗೆ ನಾವು ನೇರವಾಗಿ ಮತ ಹಾಕುವುದಿಲ್ಲ. ನಾವು ಆರಿಸಿದ ಎಂಪಿಗಳು ಮತ್ತು ಎಮ್ಮೆಲ್ಲೆಗಳು ಹಾಕುತ್ತಾರೆ. ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್ ಕ್ಷೇತ್ರಗಳ ಶಾಸಕರೂ ಹಾಕುತ್ತಾರೆ.

1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಹೊಸ ರಾಷ್ಟ್ರಪತಿ ಬೇಕಾಯಿತು. ಆಗ ಕಾಂಗ್ರೆಸ್ ದೇಶದ ದೊಡ್ಡ ಪಕ್ಷ. ಅದರ ಅಧ್ಯಕ್ಷರು ನಮ್ಮ ರಾಜ್ಯದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ.

ಜುಲೈ ತಿಂಗಳಲ್ಲಿ ಪಕ್ಷದ ಮುಖಂಡರು ಬೆಂಗಳೂರಿನಲ್ಲಿ ಸೇರಿದರು. ಪಕ್ಷದಿಂದ ಯಾರು ನಿಲ್ಲಬೇಕು ಎಂಬ ಚರ್ಚೆ ನಡೆಯಿತು. ಇಂದಿರಾ ಗಾಂಧಿ ಅವರು ಜಗಜೀವನ್ ರಾಂ ಅವರ ಹೆಸರು ಹೇಳಿದರು. ಅವರು ದಲಿತ ನಾಯಕರು, ಕೇಂದ್ರ ಮಂತ್ರಿ. ಉಳಿದ ಹಿರಿಯರಲ್ಲಿ ಹೆಚ್ಚಿನವರು ನೀಲಂ ಸಂಜೀವ ರೆಡ್ಡಿ ಅವರ ಪರ ನಿಂತರು. ಅವರು ಆಂಧ್ರದ ಮುಖ್ಯಮಂತ್ರಿ ಆಗಿದ್ದವರು, ಲೋಕಸಭೆಯ ಸ್ಪೀಕರ್. ಕೊನೆಗೆ ರೆಡ್ಡಿ ಅವರೇ ಪಕ್ಷದ ಅಭ್ಯರ್ಥಿ ಆದರು.

ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ. ಉಪರಾಷ್ಟ್ರಪತಿ ಆಗಿದ್ದ ವಿ.ವಿ. ಗಿರಿ ಅವರು ಯಾವ ಪಕ್ಷವೂ ಇಲ್ಲದೆ ಸ್ವತಂತ್ರವಾಗಿ ನಿಂತರು. ಮುಂದೆ ಇಂದಿರಾ ಗಾಂಧಿ ಅವರು “ಆತ್ಮಸಾಕ್ಷಿ ಹೇಳಿದಂತೆ ಮತ ಹಾಕಿ” ಎಂದರು. ಆತ್ಮಸಾಕ್ಷಿ ಎಂದರೆ ನಮ್ಮ ಒಳಮನಸ್ಸು.

ಆಗಸ್ಟ್ 16ರಂದು ಮತದಾನ. 20ರಂದು ಎಣಿಕೆ. ಈ ಚುನಾವಣೆಯಲ್ಲಿ ಒಬ್ಬೊಬ್ಬರ ಮತಕ್ಕೂ ಒಂದು ಬೆಲೆ ಇರುತ್ತದೆ. ಆ ಬೆಲೆ ಕೂಡಿಸಿ ಲೆಕ್ಕ ಮಾಡುತ್ತಾರೆ. ಕೊನೆಯ ಲೆಕ್ಕದಲ್ಲಿ ಗಿರಿ ಅವರಿಗೆ 4,20,077 ಬಂತು. ರೆಡ್ಡಿ ಅವರಿಗೆ 4,05,427 ಬಂತು. ಹಿರಿಯರು ಹೆಸರು ಹೇಳಿದವರು ಸೋತರು. ಗಿರಿ ರಾಷ್ಟ್ರಪತಿ ಆದರು.

ಆ ಜಗಳದಿಂದ ಅದೇ ವರ್ಷ ಕಾಂಗ್ರೆಸ್ ಪಕ್ಷವೇ ಎರಡಾಯಿತು. ಆದರೆ ಸೋತ ಸಂಜೀವ ರೆಡ್ಡಿ ಅವರು 1977ರಲ್ಲಿ ರಾಷ್ಟ್ರಪತಿ ಆದರು. ಆ ಸಲ ಅವರ ಎದುರು ಕಣದಲ್ಲಿ ಯಾರೂ ಉಳಿಯಲಿಲ್ಲ.

ಪ್ರೇರಕಿ ಹೇಳಿದಳು: “ಅಲ್ಲಿ ಯಾರು ಸರಿ, ಯಾರು ತಪ್ಪು ಅಂತ ನಾನು ಹೇಳೋದಿಲ್ಲ. ಒಂದು ಮಾತು ಮಾತ್ರ ತಿಳಿಯಿರಿ. ಹೆಸರು ಹೇಳುವುದು ಒಂದು ಕೆಲಸ. ಆರಿಸುವುದು ಇನ್ನೊಂದು ಕೆಲಸ. ಎರಡರಲ್ಲೂ ನಾವು ಇರಬೇಕು.”

ಅಜ್ಜಿ ಅಂದಳು: “ಅವಿರೋಧ ಅಂದ್ರ ಆವಾಗ ತಪ್ಪಿಲ್ಲ ಅಂದಂಗಾಯ್ತು.”

“ತಪ್ಪಿಲ್ಲ ಅಜ್ಜಿ. ಎಲ್ಲರೂ ಮನಸಾರೆ ಒಪ್ಪಿ ಒಬ್ಬರನ್ನೇ ನಿಲ್ಲಿಸಿದರೆ ತಪ್ಪಿಲ್ಲ. ದುಡ್ಡು ಕೊಟ್ಟು ಸೀಟು ಕೊಳ್ಳುವುದು ತಪ್ಪು. ಅದು ಹರಾಜು. ಗುಡಿಗೆ ಕೊಟ್ಟರೂ ಹರಾಜೇ.”

ನಾಲ್ಕು ಪ್ರಶ್ನೆ

ಮರುದಿನ ಸಂಜೆ ಹೆಂಗಸರು ಬೇವಿನ ಮರದ ಕೆಳಗೆ ಕೂಡಿದರು. ಇಬ್ಬರನ್ನೂ ಕರೆಸಿದರು. ನಾಲ್ಕು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದಿದ್ದರು. ಯಾದಗಿರಿಯ ಸೊಸೆ ಓದಿದಳು.

1. ಗ್ರಾಮಸಭೆಗೆ ತಪ್ಪದೆ ಬರುತ್ತೀರೇನು?
2. ಪಂಚಾಯ್ತಿ ಲೆಕ್ಕ ನಮಗೆ ಓದಿ ಹೇಳುತ್ತೀರೇನು?
3. ನೀರಿಗೆ ಮೊದಲು ಏನು ಮಾಡುತ್ತೀರಿ?
4. ಸಭೆಯಲ್ಲಿ ನೀವೇ ಮಾತಾಡುತ್ತೀರೇನು?

ದೊಡ್ಡಮನೆ ಸೊಸೆಯ ಜೊತೆ ಗಂಡನೂ ಬಂದಿದ್ದ. ಮೊದಲ ಪ್ರಶ್ನೆಗೆ ಅವನೇ ಉತ್ತರ ಕೊಡಲು ಹೋದ. ಅಜ್ಜಿ ಕೈ ಮುಗಿದು ಹೇಳಿದಳು: “ಸಾಹುಕಾರ್ರ, ಸೀಟು ಹೆಣ್ಣುಮಗಳದು ಅದರಿ. ಆಕಿನೇ ಹೇಳ್ಲಿ.”

ಸೊಸೆ ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಹೇಳಿದಳು: “ತವರಾಗ ನಾನೂ ಕೊಡ ಹೊತ್ತೀನ್ರಿ. ಕೈಪಂಪಿನ ಮುಂದ ಪಾಳಿ ಹಚ್ಚೀನಿ. ಲೆಕ್ಕ ಓದಿ ಹೇಳ್ತೀನಿ. ಸಭಾದಾಗ ಮಾತಾಡಿ ರೂಢಿ ಇಲ್ಲ. ನೀವು ಬೆನ್ನಿಗೆ ಇದ್ರ ಮಾತಾಡ್ತೀನಿ.”

ಅವಳ ದನಿ ಅಷ್ಟು ಜನ ಕೇಳಿದ್ದು ಅದೇ ಮೊದಲು. ಅವಳ ಗಂಡನೂ ಅವಳ ಮುಖ ನೋಡಿದ.

ಹತ್ತಿ ಗುಂಪಿನ ಅಕ್ಕ ಹೇಳಿದಳು: “ಸುಳ್ಳು ಹೇಳೂದಿಲ್ಲ. ಸಾಲ ಅದ. ಕೆಲಸ ಸಿಗಲಿಲ್ಲ ಅಂದ್ರ ಗುಳೆ ಹೋಗಬೇಕಾಗ್ತದ. ಆದ್ರ ಗ್ರಾಮಸಭಾಕ್ಕ ಬಸ್ ಹತ್ತಿ ಬರ್ತೀನಿ. ಕಾಗದ ತಡವರಿಸಿ ಓದ್ತೀನಿ. ತಿಳೀಲಿಲ್ಲ ಅಂದ್ರ ತಿಳಿಯೋತನಕ ಕೇಳ್ತೀನಿ. ಸಿಟ್ಟು ಕಡಿಮಿ ಮಾಡ್ಕೋತೀನಿ.”

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಅಜ್ಜಿಯ ಸಹಿ

ಅಂದು ರಾತ್ರಿಯೇ ತೀರ್ಮಾನ ಆಯಿತು. ಗುಡಿಗೆ ಎಲ್ಲರೂ ಕೈಲಾದಷ್ಟು ಪಟ್ಟಿ ಹಾಕೋಣ. ಸೀಟಿಗೆ ಇಬ್ಬರೂ ನಿಲ್ಲಲಿ.

ಹಿರಿಯರಿಗೆ ಸಿಟ್ಟು ಬಂತು. ಹತ್ತಿ ಗುಂಪಿನ ಅಕ್ಕನಿಗೆ ಎರಡು ದಿನ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮೂರನೇ ದಿನ ಹತ್ತಿ ಹೊಲದಲ್ಲೇ ಉಳಿಯಿತು. ಬಿಡಿಸುವವರೆಲ್ಲ ಅವಳ ಗುಂಪಿನವರೇ. ಮತ್ತೆ ಕರೆ ಬಂತು.

ಅರ್ಜಿಗೆ ಒಬ್ಬ ಸೂಚಕರು ಸಹಿ ಹಾಕಬೇಕು. ಸೂಚಕರು ಅದೇ ವಾರ್ಡಿನ ಮತದಾರರು ಆಗಿರಬೇಕು. ಹತ್ತಿ ಗುಂಪಿನ ಅಕ್ಕನಿಗೆ ಯಾರು ಸಹಿ ಹಾಕುತ್ತಾರೆ? ಅಜ್ಜಿ ಮುಂದೆ ಬಂದಳು. ಕಚೇರಿಯಲ್ಲಿ ಒಬ್ಬರು ಹೆಬ್ಬೆಟ್ಟಿನ ಶಾಯಿ ಮುಂದಿಟ್ಟರು. ಅಜ್ಜಿ ಅದನ್ನು ಪಕ್ಕಕ್ಕೆ ಸರಿಸಿದಳು. “ಪೆನ್ ಕೊಡ್ರಿ” ಅಂದಳು. ನಿಧಾನವಾಗಿ, ಒಂದೊಂದೇ ಅಕ್ಷರ ಬರೆದಳು.

ಮತದಾನದ ದಿನ ಅತ್ತೆ ಒಬ್ಬರಿಗೆ ಹಾಕಿದಳು. ಸೊಸೆ ಇನ್ನೊಬ್ಬರಿಗೆ ಹಾಕಿರಬಹುದು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಮನೆಗೆ ಬಂದು ಒಂದೇ ಬುಟ್ಟಿಯ ರೊಟ್ಟಿ ಉಂಡರು.

ಯಾರು ಗೆದ್ದರು? ಅದನ್ನು ಈ ಪಾಠ ಹೇಳುವುದಿಲ್ಲ. ನೀವಾಗಿದ್ದರೆ ಯಾರಿಗೆ ಮತ ಹಾಕುತ್ತಿದ್ದಿರಿ? ಯಾಕೆ? ಅದನ್ನು ನೀವು ಹೇಳಿರಿ.

ಇದು ತಿಳಿದಿರಲಿ

• ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಲ್ಲಲು 21 ವರ್ಷ ತುಂಬಿರಬೇಕು.

• ಸುಮಾರು 400 ಜನರಿಗೆ ಒಬ್ಬ ಸದಸ್ಯರು ಇರುತ್ತಾರೆ.

• ಈ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಆದ್ದರಿಂದ ಪಕ್ಷದ ಟಿಕೆಟ್ ಬೇಕಿಲ್ಲ.

• 1993ರ ಕಾನೂನು ಪಂಚಾಯ್ತಿಯಲ್ಲಿ ಹೆಣ್ಣುಮಕ್ಕಳಿಗೆ ಮೂರರಲ್ಲಿ ಒಂದು ಪಾಲು ಸೀಟು ಕೊಟ್ಟಿತು. 2010ರಿಂದ ಕರ್ನಾಟಕದಲ್ಲಿ ಅದು ಅರ್ಧ ಪಾಲು ಆಗಿದೆ.

• 2020ರಲ್ಲಿ ಡಿಸೆಂಬರ್ 22 ಮತ್ತು 27ರಂದು ರಾಜ್ಯದಲ್ಲಿ ಗ್ರಾಮ ಪಂಚಾಯ್ತಿ ಮತದಾನ ನಡೆಯಿತು. ಆಗ ಕೆಲವು ಕಡೆ ಸೀಟು ಹರಾಜು ಹಾಕಿದ ಸುದ್ದಿ ಬಂತು. ಹರಾಜು ಹಾಕುವುದು ಅಪರಾಧ ಎಂದು ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತು.

• ಮತಕ್ಕೆ ದುಡ್ಡು ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು.

• ದ್ರೌಪದಿ ಮುರ್ಮು ಅವರು ಒಡಿಶಾದ ಆದಿವಾಸಿ ಹೆಣ್ಣುಮಗಳು. 1997ರಲ್ಲಿ ಅವರು ರಾಯರಂಗಪುರ ಎಂಬ ಸಣ್ಣ ಪಟ್ಟಣದ ಪಂಚಾಯ್ತಿ ಸದಸ್ಯೆ ಆದರು. 2022ರಲ್ಲಿ ರಾಷ್ಟ್ರಪತಿ ಆದರು. ವಾರ್ಡಿನ ಸೀಟು ಸಣ್ಣದಲ್ಲ.

ಹೊಸ ಮಾತುಗಳು

ಅಭ್ಯರ್ಥಿ: ಚುನಾವಣೆಗೆ ನಿಂತವರು
ನಾಮಪತ್ರ: ಚುನಾವಣೆಗೆ ನಿಲ್ಲುತ್ತೇನೆ ಎಂದು ಕೊಡುವ ಅರ್ಜಿ
ಸೂಚಕರು: ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕುವವರು
ಅವಿರೋಧ: ಎದುರಾಳಿ ಇಲ್ಲದೆ ಆರಿಸಿ ಬರುವುದು

ಮಾತಾಡೋಣ

1. ದೊಡ್ಡಮನೆ ಸೊಸೆಯ ಎರಡು ಒಳ್ಳೆಯ ಗುಣ ಹೇಳಿರಿ. ಹತ್ತಿ ಗುಂಪಿನ ಅಕ್ಕನ ಎರಡು ಒಳ್ಳೆಯ ಗುಣ ಹೇಳಿರಿ.
2. ಇಬ್ಬರಲ್ಲೂ ಇರುವ ಕೊರತೆ ಏನು? ಆ ಕೊರತೆ ತುಂಬಲು ಊರಿನ ಹೆಂಗಸರು ಏನು ಮಾಡಬಹುದು?
3. ನಿಮ್ಮ ಊರಲ್ಲಿ ಯಾರು ನಿಲ್ಲಬೇಕು ಎಂದು ಯಾರು ತೀರ್ಮಾನ ಮಾಡುತ್ತಾರೆ?

ಲೆಕ್ಕ ಮಾಡೋಣ

ಗಿರಿ ಅವರಿಗೆ 4,20,077. ರೆಡ್ಡಿ ಅವರಿಗೆ 4,05,427. ಎಷ್ಟು ಅಂತರ?

ಬರೆಯೋಣ

ನಿಮ್ಮ ವಾರ್ಡಿಗೆ ನಿಲ್ಲುವವರನ್ನು ಕೇಳಲು ನಾಲ್ಕು ಪ್ರಶ್ನೆ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿರಿ.