ಪೆನ್‌ಡ್ರೈವ್ ಖಾಲಿಯಾಗಿಲ್ಲ, ಫೈಲುಗಳು ಅಡಗಿ ಕೂತಿವೆ

‘ಎಲ್ಲಾ ಹೋತ್ರೀ ಸರ್...’ ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರು ಪೆನ್‌ಡ್ರೈವನ್ನು ನನ್ನ ಕೈಗಿಟ್ಟು ಹೇಳಿದ ಮಾತು. ಒಣದ್ರಾಕ್ಷಿ ಮಾರಿದ ಎರಡು ವರ್ಷದ ಲೆಕ್ಕ, ಪಹಣಿಯ ಸ್ಕ್ಯಾನ್ ಪ್ರತಿ ಎಲ್ಲ ಅದರಲ್ಲಿದ್ದವು. ವಿಜಯಪುರಕ್ಕೆ ಹೋಗಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದ ಮೇಲೆ ಫೋಲ್ಡರುಗಳ ಜಾಗದಲ್ಲಿ ಬಾಣದ ಗುರುತಿನ ಶಾರ್ಟ್‌ಕಟ್‌ಗಳಷ್ಟೇ ಉಳಿದಿದ್ದವು. ಬಬಲೇಶ್ವರದಿಂದ ನಗರದ ಕಾಲೇಜಿಗೆ ಬರುವ ಮಕ್ಕಳೂ ಪ್ರಾಜೆಕ್ಟ್ ವರದಿ ಹಿಡಿದು ಇದೇ ಸಂಕಟ ಹೇಳುತ್ತಾರೆ.

ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಬಳಕೆಯಾದ ಜಾಗ ಮೊದಲಿನಷ್ಟೇ ಇದ್ದರೆ ಫೈಲುಗಳು ಅಲ್ಲೇ ಇವೆ. ವೈರಸ್ ಅವುಗಳಿಗೆ ‘ಹಿಡನ್’ ಮತ್ತು ‘ಸಿಸ್ಟಮ್’ ಎಂಬ ಎರಡು ಗುರುತು ಹಚ್ಚಿರುತ್ತದೆ. ಶಾರ್ಟ್‌ಕಟ್ ಅನ್ನು ಮಾತ್ರ ಒತ್ತಲೇಬೇಡಿ. ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಬೆನ್ನಿಗೇ ನಿಮ್ಮ ಫೋಲ್ಡರ್ ತೆರೆಯುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಈ ಗುರುತು ಅಳಿಸಲು ಡಾಸ್ ಕಾಲದ ‘ಅಟ್ರಿಬ್’ ಕಮಾಂಡ್ ಸಾಕು. ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಸಿ-ಎಂ-ಡಿ ಎಂದು ಬರೆದು ಎಂಟರ್ ಕೊಡಿ. ಕಪ್ಪು ಪರದೆಯಲ್ಲಿ ಪೆನ್‌ಡ್ರೈವಿನ ಅಕ್ಷರ ಮತ್ತು ಕೋಲನ್ (ಉದಾಹರಣೆಗೆ ಇ:) ಹಾಕಿ ಎಂಟರ್. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಇದನ್ನು ಟೈಪ್ ಮಾಡಿ:

ಅಟ್ರಿಬ್ -ಎಸ್ -ಎಚ್ -ಆರ್ *.* /ಎಸ್ /ಡಿ

ಕಾಗುಣಿತ ಎ, ಟಿ, ಟಿ, ಆರ್, ಐ, ಬಿ. ಪ್ರತಿ ಭಾಗದ ನಡುವೆ ಒಂದು ಸ್ಪೇಸ್ ಇರಲಿ. ಎಸ್ ಎಂದರೆ ಸಿಸ್ಟಮ್, ಎಚ್ ಎಂದರೆ ಹಿಡನ್, ಆರ್ ಎಂದರೆ ರೀಡ್-ಓನ್ಲಿ. ಮೈನಸ್ ಎಂದರೆ ಗುರುತು ತೆಗೆ, ಪ್ಲಸ್ ಎಂದರೆ ಹಚ್ಚು. ಕೊನೆಯ /ಎಸ್ ಒಳಗಿನ ಫೋಲ್ಡರುಗಳಿಗೂ ಇಳಿಯುತ್ತದೆ, /ಡಿ ಫೋಲ್ಡರುಗಳನ್ನೂ ಸೇರಿಸಿಕೊಳ್ಳುತ್ತದೆ. ಬಹಳ ಜನ ಎಡವುವುದು ಇಲ್ಲೇ: ಬರೀ -ಎಚ್ ಕೊಟ್ಟರೆ ಸಿಸ್ಟಮ್ ಗುರುತಿರುವ ಫೈಲಿಗೆ ಅದು ತಾಗುವುದಿಲ್ಲ. ಎರಡನ್ನೂ ಒಟ್ಟಿಗೇ ತೆಗೆಯಬೇಕು.

ಆ ಬೆಳೆಗಾರರ ಪೆನ್‌ಡ್ರೈವಿನಲ್ಲಿ ಕೊನೆಗೆ ಕಂಡದ್ದು ಹೆಸರೇ ಇಲ್ಲದ ಒಂದು ಫೋಲ್ಡರ್. ತೆರೆದರೆ ಲೆಕ್ಕ, ಪಹಣಿ ಎಲ್ಲ ಅದರೊಳಗೇ ಇದ್ದವು. ‘ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಶನ್’ ಎಂಬ ಫೋಲ್ಡರ್ ಕಂಡರೆ ಹಾಗೇ ಬಿಡಿ, ಅದು ವಿಂಡೋಸಿನದು. ಸಿ ಡ್ರೈವಿನಲ್ಲಿ ಈ ಕಮಾಂಡ್ ಖಂಡಿತ ಬೇಡ, ಅಲ್ಲಿ ವಿಂಡೋಸ್ ತನ್ನ ಫೈಲುಗಳನ್ನು ಬೇಕೆಂದೇ ಮರೆಮಾಡಿದೆ.

ಅಟ್ರಿಬ್ ವೈರಸ್ಸನ್ನು ಕೊಲ್ಲುವುದಿಲ್ಲ. ಬೇಕಾದ ಫೈಲುಗಳನ್ನಷ್ಟೇ ಕಂಪ್ಯೂಟರಿಗೆ ನಕಲಿಸಿ, ವಿಂಡೋಸಿನ ಡಿಫೆಂಡರ್‌ನಲ್ಲಿ ಕಂಪ್ಯೂಟರನ್ನೂ ಸೇರಿಸಿ ಪೂರ್ತಿ ಸ್ಕ್ಯಾನ್ ಮಾಡಿ. ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಬೇಕಾದದ್ದು ಆಮೇಲೆ.