ವಿಂಡೋಸ್‌ನಲ್ಲಿ ತೆರೆಯುವ ಸಿಡಿ ಡಾಸ್‌ನಲ್ಲಿ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಅಪ್ಪ ಕೊಂಡಿದ್ದ ಹಳೆಯ ಪೆಂಟಿಯಂ ಕಂಪ್ಯೂಟರ್ ನಮ್ಮಲ್ಲಿ ಇನ್ನೂ ಇದೆ. ಅದರಲ್ಲಿ ವಿಂಡೋಸ್ 98 ಇದೆ. ಸಿಡಿ ಹಾಕಿದರೆ ವಿಂಡೋಸ್‌ನಲ್ಲಿ ಸರಿಯಾಗಿ ತೆರೆದುಕೊಳ್ಳುತ್ತದೆ. ಆದರೆ ಹಳೆಯ ಡಾಸ್ ಆಟವೊಂದನ್ನು ಆಡೋಣವೆಂದು 'ರೀಸ್ಟಾರ್ಟ್ ಇನ್ ಎಂಎಸ್-ಡಾಸ್ ಮೋಡ್' ಕೊಟ್ಟು, ಡಿ: ಎಂದು ಟೈಪ್ ಮಾಡಿದರೆ 'ಇನ್‌ವ್ಯಾಲಿಡ್ ಡ್ರೈವ್ ಸ್ಪೆಸಿಫಿಕೇಶನ್' ಎಂದು ಬರುತ್ತದೆ. ರಿಪೇರಿಗೆ ಬಂದವರು ಡ್ರೈವ್ ಹೋಗಿದೆ, ಬೇರೆ ಹಾಕಿಸಿ ಅಂದರು. ನಿಜವೇ?
— ಓದುಗರು, ಸಾಗರ

ಉತ್ತರ: ನಿಜವಲ್ಲ. ಡ್ರೈವ್ ಹೋಗಿದ್ದರೆ ವಿಂಡೋಸ್‌ನಲ್ಲೂ ಸಿಡಿ ತೆರೆಯುತ್ತಿರಲಿಲ್ಲ. ದಯವಿಟ್ಟು ಹೊಸ ಡ್ರೈವ್‌ಗೆ ದುಡ್ಡು ಹಾಕಬೇಡಿ. ಹೊಸದನ್ನು ತಂದು ಜೋಡಿಸಿದರೂ ಡಾಸ್ ಇದೇ ಮಾತನ್ನು ಹೇಳುತ್ತದೆ.

ವಿಂಡೋಸ್ 95 ಮತ್ತು 98ರಲ್ಲಿ ಸಿಡಿ ಓದುವ ವ್ಯವಸ್ಥೆ ಒಳಗೇ ಇದೆ. ವಿಂಡೋಸ್ ಶುರುವಾಗುವಾಗ ಅದೂ ಶುರುವಾಗುತ್ತದೆ, ವಿಂಡೋಸ್ ಬಿಟ್ಟು ಹೊರಬಂದರೆ ಅದೂ ಹೋಗುತ್ತದೆ. ಡಾಸ್‌ಗೆ ಸಿಡಿ ಎಂದರೇನೆಂದೇ ಗೊತ್ತಿಲ್ಲ. ಫ್ಲಾಪಿ, ಹಾರ್ಡ್ ಡಿಸ್ಕ್‌ಗಳಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಫ್ಯಾಟ್ ಎಂಬ ಪದ್ಧತಿಯೊಂದೇ ಅದಕ್ಕೆ ತಿಳಿದಿರುವುದು. ಸಿಡಿಯಲ್ಲಿ ಫೈಲ್‌ಗಳು ಕೂತಿರುವ ಪದ್ಧತಿಯೇ ಬೇರೆ, ಅದರ ಹೆಸರು ಐಎಸ್‌ಒ 9660. 1985ರಲ್ಲಿ ಅಮೆರಿಕದ ಲೇಕ್ ಟಾಹೋ ಬಳಿಯ ಹೈ ಸಿಯೆರಾ ಎಂಬ ಹೋಟೆಲಿನಲ್ಲಿ ಹಲವು ಕಂಪನಿಗಳವರು ಸೇರಿ ಇದರ ಮೊದಲ ರೂಪಕ್ಕೆ ಕೈಹಾಕಿದರು. ಅದು ಸ್ವಲ್ಪ ಮಾರ್ಪಟ್ಟು 1988ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಆ ಹೋಟೆಲಿನ ಹೆಸರು ಮುಂದೆ ನಿಮ್ಮ ಪರದೆಯ ಮೇಲೂ ಬರಬಹುದು, ನೆನಪಿಟ್ಟುಕೊಳ್ಳಿ.

ಹಾಗಾಗಿ ಡಾಸ್‌ಗೆ ಸಿಡಿ ತೋರಿಸಲು ಎರಡು ಪ್ರೋಗ್ರಾಂ ಬೇಕು. ಮೊದಲನೆಯದು ಡ್ರೈವ್ ಎಂಬ ಯಂತ್ರದ ಜೊತೆ ವ್ಯವಹರಿಸುವ ಡ್ರೈವರ್. ಎರಡನೆಯದು ಮೈಕ್ರೋಸಾಫ್ಟ್‌ನ ಎಂಎಸ್‌ಸಿಡೆಕ್ಸ್. ಇದು ಡಾಸ್ ಮತ್ತು ಸಿಡಿಯ ನಡುವೆ ದುಭಾಷಿಯ ಹಾಗೆ ನಿಲ್ಲುತ್ತದೆ. ಇದನ್ನು ಮಾಡಿದವರ ಉಪಾಯ ನನಗೆ ಬಹಳ ಇಷ್ಟ. ಬೇರೆ ಪದ್ಧತಿಯ ಡಿಸ್ಕನ್ನು ಡಾಸ್ ಒಪ್ಪುವುದಿಲ್ಲ, ಆದರೆ ನೆಟ್‌ವರ್ಕಿನಲ್ಲಿ ದೂರದಲ್ಲಿರುವ ಡ್ರೈವನ್ನು ಹೇಗಿದ್ದರೂ ಒಪ್ಪುತ್ತದೆ. ಅದಕ್ಕೆ ಎಂಎಸ್‌ಸಿಡೆಕ್ಸ್ ನಿಮ್ಮ ಸಿಡಿಯನ್ನು ನೆಟ್‌ವರ್ಕ್ ಡ್ರೈವ್ ಎಂದೇ ಪರಿಚಯ ಮಾಡಿಸುತ್ತದೆ. ಎಲ್ಲ ಸರಿಹೋದ ಮೇಲೆ ಡಾಸ್‌ನಲ್ಲಿ ಡಿ ಡ್ರೈವ್ ಮೇಲೆ ಚೆಕ್‌ಡಿಸ್ಕ್ ಓಡಿಸಿ ನೋಡಿ, ನೆಟ್‌ವರ್ಕ್ ಡ್ರೈವ್ ಮೇಲೆ ಇದು ಆಗದು ಎಂದು ಅದು ನಿರಾಕರಿಸುತ್ತದೆ. ಪಕ್ಕದಲ್ಲೇ ಇರುವ ಡ್ರೈವ್ ನೆಟ್‌ವರ್ಕಿನದು ಹೇಗಾಯಿತು ಎಂದು ಆಗ ಗಾಬರಿಯಾಗಬೇಡಿ.

ಈ ಎರಡು ಪ್ರೋಗ್ರಾಂಗಳು ಒಂದನ್ನೊಂದು ಗುರುತಿಸುವುದು ಒಂದು ಹೆಸರಿನಿಂದ. ನಾನು ನೋಡಿದ ಹಳೆಯ ಕಂಪ್ಯೂಟರ್‌ಗಳಲ್ಲಿ ಬಹುಪಾಲು ತೊಂದರೆ ಈ ಹೆಸರಿನಲ್ಲೇ ಇರುತ್ತದೆ, ಯಂತ್ರದಲ್ಲಿ ಅಲ್ಲ.

ಈಗ ಕೆಲಸಕ್ಕೆ ಬರೋಣ. ಬೇಕಾದ ಫೈಲ್‌ಗಳಿಗಾಗಿ ಎಲ್ಲೂ ಹುಡುಕಿಕೊಂಡು ಹೋಗಬೇಕಿಲ್ಲ, ವಿಂಡೋಸ್ 98ರಲ್ಲೇ ಇವೆ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಕಮಾಂಡ್, ಅದರೊಳಗೆ ಇಬಿಡಿ ಎಂಬ ಫೋಲ್ಡರ್ ತೆರೆಯಿರಿ. ಅಲ್ಲಿ ಓಕ್‌ಸಿಡಿರಾಮ್.ಸಿಸ್ ಎಂಬ ಫೈಲ್ ಇರುತ್ತದೆ. ಐಡಿಇ ಕೇಬಲ್‌ನಲ್ಲಿ ಕೂರುವ ಹೆಚ್ಚುಕಡಿಮೆ ಎಲ್ಲ ಸಿಡಿ ಡ್ರೈವ್‌ಗಳಿಗೂ ಅದು ಹೊಂದುತ್ತದೆ. ಅದನ್ನು ನೇರ ಸಿ:\ ಗೆ ನಕಲು ಮಾಡಿಕೊಳ್ಳಿ. ಎಂಎಸ್‌ಸಿಡೆಕ್ಸ್ ಕಮಾಂಡ್ ಫೋಲ್ಡರಿನಲ್ಲೇ ಇದೆ, ಅದನ್ನು ಅಲ್ಲೇ ಬಿಡಿ.

ಆಮೇಲೆ ನೋಟ್‌ಪ್ಯಾಡ್‌ನಲ್ಲಿ ಸಿ ಡ್ರೈವಿನ ಕಾನ್‌ಫಿಗ್.ಸಿಸ್ ಫೈಲನ್ನು ತೆರೆದು ಈ ಎರಡು ಸಾಲು ಸೇರಿಸಿ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು:

ಡಿವೈಸ್=ಸಿ:\ಓಕ್‌ಸಿಡಿರಾಮ್.ಸಿಸ್ /ಡಿ:ಎಂಎಸ್‌ಸಿಡಿ001
ಲಾಸ್ಟ್‌ಡ್ರೈವ್=ಝಡ್

ಎರಡನೆಯ ಸಾಲು ಡ್ರೈವ್ ಅಕ್ಷರಗಳು ಸಾಲದೆ ಹೋಗದಿರಲಿ ಎಂದು. ಇನ್ನು ವಿಂಡೋಸ್ ಫೋಲ್ಡರಿನಲ್ಲಿ ಡಾಸ್‌ಸ್ಟಾರ್ಟ್.ಬ್ಯಾಟ್ ಎಂಬ ಫೈಲ್ ಇದೆಯೇ ನೋಡಿ, ಇಲ್ಲದಿದ್ದರೆ ನೀವೇ ಮಾಡಿ. ಅದರಲ್ಲಿ ಒಂದೇ ಸಾಲು:

ಸಿ:\ವಿಂಡೋಸ್\ಕಮಾಂಡ್\ಎಂಎಸ್‌ಸಿಡೆಕ್ಸ್.ಇಎಕ್ಸ್‌ಇ /ಡಿ:ಎಂಎಸ್‌ಸಿಡಿ001

ಹಳೆಯ ಪುಸ್ತಕಗಳಲ್ಲಿ ಈ ಸಾಲನ್ನು ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಬರೆಯಿರಿ ಎಂದಿರುತ್ತದೆ. ಅದು ತಪ್ಪಲ್ಲ. ಆದರೆ ನೀವು ವಿಂಡೋಸ್‌ನಿಂದ ಡಾಸ್ ಮೋಡ್‌ಗೆ ಹೋಗುವವರು, ಡಾಸ್‌ಸ್ಟಾರ್ಟ್.ಬ್ಯಾಟ್ ಓಡುವುದು ಆ ಹೊತ್ತಿನಲ್ಲಿ ಮಾತ್ರ. ವಿಂಡೋಸ್‌ಗೆ ಬೇಡದ ಪ್ರೋಗ್ರಾಂ ಸುಮ್ಮನೆ ಮೆಮೊರಿಯಲ್ಲಿ ಕೂರುವುದು ತಪ್ಪುತ್ತದೆ. ಎಫ್8 ಒತ್ತಿ ನೇರವಾಗಿ 'ಕಮಾಂಡ್ ಪ್ರಾಂಪ್ಟ್ ಓನ್ಲಿ'ಗೆ ಹೋಗುವ ರೂಢಿ ನಿಮ್ಮದಾದರೆ ಮಾತ್ರ ಡಾಸ್‌ಸ್ಟಾರ್ಟ್.ಬ್ಯಾಟ್ ಓಡುವುದಿಲ್ಲ, ಆಗ ಆಟೋಎಕ್ಸೆಕ್ ಬೇಕೇ ಬೇಕು.

ಎರಡೂ ಫೈಲ್‌ಗಳಲ್ಲಿ 'ಡಿ' ಮತ್ತು ಎರಡು ಚುಕ್ಕಿ ಆದಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಕೊನೆಯ ಮೂರರಲ್ಲಿ ಮೊದಲೆರಡು ಸೊನ್ನೆಗಳು. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಇಂಗ್ಲಿಷಿನ 'ಓ' ಅಕ್ಷರ ಬಿದ್ದಿದ್ದರೆ ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ, ಕಂಪ್ಯೂಟರ್‌ಗೆ ಮಾತ್ರ ಅವು ಬೇರೆ ಬೇರೆ ಹೆಸರು. ಎಂಎಸ್‌ಸಿಡಿ001 ಎಂಬುದರಲ್ಲಿ ವಿಶೇಷವೇನೂ ಇಲ್ಲ. ಎಂಟು ಅಕ್ಷರ ಮೀರದ ಯಾವ ಹೆಸರನ್ನು ಇಟ್ಟರೂ ನಡೆಯುತ್ತದೆ, ಎರಡೂ ಕಡೆ ಅದೇ ಇದ್ದರಾಯಿತು.

ಈಗ ಕಂಪ್ಯೂಟರನ್ನು ಮತ್ತೆ ಶುರು ಮಾಡುವಾಗ ಕಂಟ್ರೋಲ್ ಕೀ ಒತ್ತಿಹಿಡಿದು, ಬರುವ ಪಟ್ಟಿಯಲ್ಲಿ 'ಸ್ಟೆಪ್-ಬೈ-ಸ್ಟೆಪ್ ಕನ್‌ಫರ್ಮೇಶನ್' ಆರಿಸಿ. ಒಂದೊಂದು ಸಾಲಿಗೂ ಅದು ನಿಮ್ಮ ಒಪ್ಪಿಗೆ ಕೇಳುತ್ತದೆ. ಡ್ರೈವರ್ ಸಾಲು ಬಂದಾಗ 'ನಂಬರ್ ಆಫ್ ಡ್ರೈವ್ಸ್: 1' ಎಂದು ಕಂಡರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಡಾಸ್ ಮೋಡ್‌ಗೆ ಹೋದಾಗ 'ಡ್ರೈವ್ ಡಿ: = ಡ್ರೈವರ್ ಎಂಎಸ್‌ಸಿಡಿ001 ಯೂನಿಟ್ 0' ಎಂದು ಬಂದರೆ ಪೂರ್ತಿ ಮುಗಿಯಿತು. ಅದರ ಬದಲು 'ಡಿವೈಸ್ ಡ್ರೈವರ್ ನಾಟ್ ಫೌಂಡ್' ಎಂದು ಬಂದರೆ ಹೆಸರು ತಾಳೆಯಾಗಿಲ್ಲ, ಇಲ್ಲವೇ ಮೊದಲ ಸಾಲು ಓಡಿಯೇ ಇಲ್ಲ. ಈ ಸಂದೇಶಗಳನ್ನು ಯಾರೂ ಓದುವುದಿಲ್ಲ ಎಂಬುದೇ ನನ್ನ ಬೇಸರ. ತೊಂದರೆ ಯಾವ ಮೆಟ್ಟಿಲಿನಲ್ಲಿದೆ ಎಂದು ಅವು ಸ್ಪಷ್ಟವಾಗಿ ಹೇಳುತ್ತಿರುತ್ತವೆ, ಅಷ್ಟರಲ್ಲಿ ಸ್ಕ್ರೂಡ್ರೈವರ್ ಕೈಗೆ ಬಂದಿರುತ್ತದೆ.

ಡಿ ಡ್ರೈವ್ ಬಂದ ಮೇಲೂ ಎರಡು ಸಂದೇಶ ಎದುರಾಗಬಹುದು. 'ಸಿಡಿಆರ್101: ನಾಟ್ ರೆಡಿ' ಎಂದರೆ ಸಿಡಿ ಇನ್ನೂ ತಿರುಗಲು ಶುರುವಾಗಿಲ್ಲ, ಅಥವಾ ಡ್ರೈವ್‌ಗೆ ಅದು ಓದಲು ಸಿಗುತ್ತಿಲ್ಲ. ಸ್ವಲ್ಪ ಕಾದು ನೋಡಿ, ಆಮೇಲೆ ಅಂಗಡಿಯಿಂದ ತಂದ ಅಚ್ಚಿನ ಸಿಡಿಯೊಂದನ್ನು ಹಾಕಿ ನೋಡಿ. ಅದು ಓದಿ ಮನೆಯಲ್ಲಿ ಬರೆದದ್ದು ಮಾತ್ರ ಓದದಿದ್ದರೆ ಡ್ರೈವನ್ನು ದೂರಬೇಡಿ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯುಗಳು ಲೇಸರ್ ಬೆಳಕನ್ನು ಅಚ್ಚಿನ ಸಿಡಿಗಿಂತ ಬಹಳ ಕಡಿಮೆ ಹಿಂತಿರುಗಿಸುತ್ತವೆ. ಹಳೆಯ ಡ್ರೈವ್‌ಗಳ ಕಣ್ಣಿಗೆ ಅದು ಸಾಲುವುದಿಲ್ಲ. 'ಸಿಡಿಆರ್103' ಎಂದು ಬಂದರೆ ಸಿಡಿ ಹೈ ಸಿಯೆರಾ ಅಥವಾ ಐಎಸ್‌ಒ 9660 ಪದ್ಧತಿಯದಲ್ಲ ಎಂದರ್ಥ. ಹಾಡಿನ ಸಿಡಿ ಹಾಕಿ ಡಿಐಆರ್ ಕೊಟ್ಟರೂ ಇದೇ ಬರುತ್ತದೆ.

ಮನೆಯಲ್ಲಿ ಬರೆದ ಸಿಡಿಗಳಲ್ಲಿ ಫೈಲ್ ಹೆಸರುಗಳು ಕತ್ತರಿಸಿದಂತೆ ಕಂಡರೆ ಹೆದರಬೇಡಿ. ಉದ್ದ ಹೆಸರುಗಳನ್ನು ವಿಂಡೋಸ್ ಓದುವುದು ಜೋಲಿಯೆಟ್ ಎಂಬ ಬೇರೊಂದು ಪಟ್ಟಿಯಿಂದ. ಎಂಎಸ್‌ಸಿಡೆಕ್ಸ್‌ಗೆ ಆ ಪಟ್ಟಿ ಗೊತ್ತಿಲ್ಲ.

ಆಟ ಶುರುವಾದ ಮೇಲೆ ಮೆಮೊರಿ ಸಾಲದು ಎಂದರೆ, ಡಾಸ್ ಪ್ರೋಗ್ರಾಂಗಳ ಪಾಲಿನ 640 ಕೆಬಿಯಲ್ಲಿ ಡ್ರೈವರ್ ಮತ್ತು ಎಂಎಸ್‌ಸಿಡೆಕ್ಸ್ ಎರಡೂ ಸೇರಿಕೊಂಡಿರುವುದೇ ಕಾರಣ. ಕಾನ್‌ಫಿಗ್‌ನಲ್ಲಿ ಹೈಮೆಮ್ ಮತ್ತು ಇಎಂಎಂ386 ಹಾಕಿ, ಅವುಗಳ ಕೆಳಗೆ ಬರುವ ಡ್ರೈವರ್ ಸಾಲಿನಲ್ಲಿ 'ಡಿವೈಸ್' ಬದಲು 'ಡಿವೈಸ್‌ಹೈ' ಎಂದು ಬರೆಯಿರಿ, ಎಂಎಸ್‌ಸಿಡೆಕ್ಸ್ ಸಾಲಿನ ಮೊದಲು 'ಎಲ್‌ಎಚ್' ಸೇರಿಸಿ. ಆಟ ಓಡುತ್ತದೆ, ಹಿನ್ನೆಲೆ ಸಂಗೀತ ಮಾತ್ರ ಇಲ್ಲ ಎಂದರೆ ಕ್ಯಾಬಿನೆಟ್ ತೆರೆದು ನೋಡಿ. ಸಿಡಿ ಡ್ರೈವ್ ಹಿಂಭಾಗದಿಂದ ಸೌಂಡ್ ಕಾರ್ಡ್‌ಗೆ ಒಂದು ಸಣ್ಣ ತೆಳು ತಂತಿ ಹೋಗಿರಬೇಕು. ಸಿಡಿಯಲ್ಲಿರುವ ಹಾಡು ಡಾಸ್‌ನಲ್ಲಿ ಸ್ಪೀಕರ್‌ಗೆ ಬರುವುದು ಅದೇ ತಂತಿಯಿಂದ, ಅಗಲವಾದ ಡೇಟಾ ಕೇಬಲ್‌ನಿಂದಲ್ಲ.

ಆ ಆಟದ ಸಿಡಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಅಪ್ಪನ ಡ್ರೈವ್ ಕೂಡ ಎಂದೋ ಒಂದು ದಿನ ನಿಲ್ಲುತ್ತದೆ. ಡ್ರೈವ್ ಓದುತ್ತಿರುವಾಗಲೇ ಆ ಸಿಡಿಯ ಇಮೇಜ್, ಅಂದರೆ ಫೈಲ್ ರೂಪದ ಪೂರ್ತಿ ನಕಲು, ಮಾಡಿಸಿ ಇಟ್ಟುಕೊಳ್ಳಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಅದರೊಳಗೇ ಎಂಎಸ್‌ಸಿಡೆಕ್ಸ್‌ನ ಕೆಲಸ ಮಾಡುವ ಭಾಗವಿದೆ, ಇಷ್ಟು ಸಾಲು ಬರೆಯಬೇಕಿಲ್ಲ. ಒಂದು ಎಚ್ಚರ: ಆಟದ ಸಂಗೀತ ಹಾಡಿನ ಟ್ರ್ಯಾಕ್‌ಗಳಾಗಿ ಸಿಡಿಯಲ್ಲಿದ್ದರೆ ಐಎಸ್‌ಒ ಫೈಲ್ ಸಾಲುವುದಿಲ್ಲ, ಅದರಲ್ಲಿ ಹಾಡುಗಳು ಬರುವುದಿಲ್ಲ. ಬಿನ್ ಮತ್ತು ಕ್ಯೂ ಎಂಬ ಜೋಡಿ ಫೈಲ್‌ಗಳಾಗಿ ತೆಗೆದುಕೊಡಿ ಎಂದು ಕೇಳಿ.