ಸೂಜಿಗೆ ಹೆದರಿ ದಿನ ಕಳೆಯಬೇಡಿ

ಪ್ರಶ್ನೆ: ನಮ್ಮ ಅವ್ವನಿಗೆ ಐವತ್ತೆಂಟು ವರ್ಷ. ಬೀಡಿ, ತಂಬಾಕು ಮುಟ್ಟಿದವಳಲ್ಲ. ಕೆಮ್ಮು ಬಿಡದಿದ್ದಾಗ ಎಕ್ಸ್‌ರೇ ನೋಡಿ ಟಿಬಿ ಇರಬಹುದೆಂದು ಮಾತ್ರೆ ಕೊಟ್ಟರು. ಮೂರು ತಿಂಗಳು ನುಂಗಿದರೂ ಗುಣ ಕಾಣಲಿಲ್ಲ, ಮೈ ಇಳಿಯಿತು. ಈಗ ಬಳ್ಳಾರಿಯಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದರೆ ಬಲ ಶ್ವಾಸಕೋಶದಲ್ಲಿ ಗಡ್ಡೆ ಇದೆ, ಕ್ಯಾನ್ಸರ್ ಇರಬಹುದು, ಬಯಾಪ್ಸಿ ಆಗಬೇಕು ಎನ್ನುತ್ತಾರೆ. ಸೂಜಿ ಚುಚ್ಚಿದರೆ ಗಡ್ಡೆ ಕೆರಳಿ ಮೈಯೆಲ್ಲ ಹರಡುತ್ತದೆ, ಬೇಡವೇ ಬೇಡ ಎಂದು ದೊಡ್ಡಪ್ಪ ಹಟ ಹಿಡಿದಿದ್ದಾರೆ. ಅಪ್ಪ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸಿದವರು, ಈಗಲೂ ಬೀಡಿ ಸೇದುತ್ತಾರೆ. ತನ್ನಿಂದಲೇ ಬಂತು ಎಂದು ಸರಿಯಾಗಿ ಉಣ್ಣುತ್ತಿಲ್ಲ. ಅವ್ವನಿಗೆ ಇನ್ನೂ ಏನೂ ಹೇಳಿಲ್ಲ. ಏನು ಮಾಡಲಿ?
— ಹೆಸರು ಬೇಡ, ಎಮ್ಮಿಗನೂರು

ಉತ್ತರ: ಬಯಾಪ್ಸಿ ಮಾಡಿಸಿ. ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿವೆ, ಆದರೆ ತಡವಾದಷ್ಟೂ ನಷ್ಟ ತರುವುದು ಇದೊಂದೇ.

ದೊಡ್ಡಪ್ಪನವರ ಭಯ ಅವರೊಬ್ಬರದ್ದಲ್ಲ, ಹಳ್ಳಿಹಳ್ಳಿಯಲ್ಲೂ ಇದೆ. ಕ್ಯಾನ್ಸರ್ ಬಲಿತ ಮೇಲೆ ಬಯಾಪ್ಸಿ ಆಗಿ, ಕೆಲವೇ ತಿಂಗಳಲ್ಲಿ ಜೀವ ಹೋದವರನ್ನು ಕಂಡು ಜನ ಸೂಜಿಯನ್ನೇ ದೂರುತ್ತಾರೆ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆಯುವುದು ತೀರಾ ಅಪರೂಪ. ನಿಜವಾದ ತೊಂದರೆಗಳು ಬೇರೆ: ಕಫದಲ್ಲಿ ಸ್ವಲ್ಪ ರಕ್ತ ಬರಬಹುದು, ಶ್ವಾಸಕೋಶದಿಂದ ಗಾಳಿ ಸೋರಿ ಉಸಿರು ಕಟ್ಟಿದಂತಾಗಬಹುದು. ಅದಕ್ಕೇ ಸೂಜಿ ಹಾಕಿದ ಮೇಲೆ ಕೆಲವು ಗಂಟೆ ಅಲ್ಲೇ ಮಲಗಿಸಿ ನೋಡಿಕೊಳ್ಳುತ್ತಾರೆ. ದೊಡ್ಡಪ್ಪನವರನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ, ಅವರ ಅನುಮಾನವನ್ನು ಅವರೇ ಡಾಕ್ಟರ ಮುಂದೆ ಕೇಳಲಿ.

ಚೂರು ತೆಗೆದು ನೋಡಲೇಬೇಕೇ ಎಂದರೆ, ಹೌದು. ಶ್ವಾಸಕೋಶದ ಕ್ಯಾನ್ಸರ್ ಎಂಬುದು ಒಂದೇ ಕಾಯಿಲೆಯಲ್ಲ. ಸ್ಕ್ಯಾನಿನಲ್ಲಿ ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು ಎಂದು ಕಾಣುತ್ತದೆ, ಅದರ ಬಗೆ ಯಾವುದೆಂದು ಖಚಿತವಾಗುವುದಿಲ್ಲ. ನೂರು ಮಂದಿಯಲ್ಲಿ ಸುಮಾರು ಹದಿನೈದು ಮಂದಿಗೆ ಬರುವುದು ಸ್ಮಾಲ್ ಸೆಲ್ ಕ್ಯಾನ್ಸರ್. ಇದು ಹೆಚ್ಚುಕಡಿಮೆ ಬೀಡಿ ಸಿಗರೇಟು ಸೇದಿದವರ ಕಾಯಿಲೆ, ಬಹಳ ಬೇಗ ಹಬ್ಬುತ್ತದೆ. ಆಪರೇಷನ್ ಮಾಡುವುದು ಕಡಿಮೆ, ಕೀಮೋ ಮತ್ತು ರೇಡಿಯೇಷನ್ ಮುಖ್ಯ. ಉಳಿದ ಎಂಬತ್ತೈದು ಮಂದಿಯದು ನಾನ್ ಸ್ಮಾಲ್ ಸೆಲ್. ಅದರಲ್ಲೂ ಒಳಬಗೆಗಳಿವೆ. ಸ್ಕ್ವಾಮಸ್ ಎಂಬುದು ಸಾಮಾನ್ಯವಾಗಿ ದೊಡ್ಡ ಶ್ವಾಸನಾಳಗಳ ಹತ್ತಿರ ಹುಟ್ಟುತ್ತದೆ, ಹೊಗೆಬತ್ತಿಗೆ ಅಂಟಿಕೊಂಡದ್ದು. ಅಡಿನೋಕಾರ್ಸಿನೋಮ ಶ್ವಾಸಕೋಶದ ಅಂಚಿನ ಕಡೆ ಬೆಳೆಯುತ್ತದೆ. ಎಂದೂ ಹೊಗೆ ಎಳೆಯದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಕಾಣುವುದು ಹೆಚ್ಚಾಗಿ ಇದೇ. ಲಾರ್ಜ್ ಸೆಲ್ ಎಂಬ ಇನ್ನೊಂದಿದೆ, ಅದು ಕಡಿಮೆ.

ನಿಮ್ಮ ತಾಯಿಯವರದು ಅಡಿನೋಕಾರ್ಸಿನೋಮ ಎಂದು ಬಂದರೆ ವಿಚಾರಣೆ ಅಲ್ಲಿಗೆ ನಿಲ್ಲಿಸಬೇಡಿ. ಇಜಿಎಫ್‌ಆರ್, ಎಎಲ್‌ಕೆ ಪರೀಕ್ಷೆ ಆಗಿದೆಯೇ ಎಂದು ಬಾಯಿಬಿಟ್ಟು ಕೇಳಿ. ನಮ್ಮ ದೇಶದಲ್ಲಿ ಈ ಬಗೆಯ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಇಜಿಎಫ್‌ಆರ್ ಜೀನ್‌ನಲ್ಲಿ ಬದಲಾವಣೆ ಇರುತ್ತದೆ. ಅಂಥವರಿಗೆ ಜೆಫಿಟಿನಿಬ್, ಒಸಿಮೆರ್ಟಿನಿಬ್‌ನಂಥ ಮಾತ್ರೆಗಳಿವೆ. ಕಾಯಿಲೆ ಹರಡಿದ್ದರೂ ಮನೆಯಲ್ಲೇ ಮಾತ್ರೆ ನುಂಗುತ್ತಾ ಓಡಾಡಿಕೊಂಡಿರುವವರಿದ್ದಾರೆ. ಇವು ಬೇರು ಸಮೇತ ಕಿತ್ತುಹಾಕುವ ಮದ್ದು ಎಂದು ನಾನು ಹೇಳಲಾರೆ, ಆದರೆ ಕೊಡುವ ಕಾಲ ಅಮೂಲ್ಯ. ಗಡ್ಡೆ ಒಂದೇ ಕಡೆ ಇದ್ದರೆ ಆಪರೇಷನ್ನೇ ಮೊದಲ ದಾರಿ. ಯಾವ ದಾರಿಗೂ ಆ ಚೂರೇ ಆಧಾರ.

ಟಿಬಿ ಮಾತ್ರೆಯ ಬಗ್ಗೆ: ನಮ್ಮ ಕಡೆ ಟಿಬಿ ಹೆಚ್ಚು, ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಾಣಬಹುದು. ಕಫ ಪರೀಕ್ಷೆಯಲ್ಲಿ ರೋಗಾಣು ಸಿಕ್ಕಿತ್ತೇ ಎಂದು ಹಳೇ ಕಾಗದ ತೆಗೆದು ನೋಡಿ. ಎರಡೂ ಕಾಯಿಲೆ ಒಬ್ಬರಲ್ಲೇ ಇರುವುದುಂಟು, ಆದ್ದರಿಂದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಇನ್ನು ಅಪ್ಪ. ಪಕ್ಕದವರ ಬೀಡಿ ಹೊಗೆಯಿಂದ ಅಪಾಯ ಹೆಚ್ಚುವುದು ನಿಜ, ಅದನ್ನು ಮುಚ್ಚಿಡಲಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು, 2013ರಲ್ಲಿ ಹೊರಗಿನ ಕಲುಷಿತ ಗಾಳಿಯನ್ನೂ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಕಲ್ಲು ಒಡೆದಾಗ ಏಳುವ ಸಿಲಿಕಾ ದೂಳು ಅದಕ್ಕೂ ಮೊದಲೇ ಆ ಪಟ್ಟಿಯಲ್ಲಿತ್ತು. ಕಟ್ಟಿಗೆ ಒಲೆಯ ಹೊಗೆಯ ಮೇಲೂ ಬಲವಾದ ಅನುಮಾನವಿದೆ. ಏನೂ ಇಲ್ಲದೆಯೂ ಕೆಲವರಿಗೆ ಬರುತ್ತದೆ. ಒಬ್ಬ ಹೆಣ್ಣುಮಗಳ ಕಾಯಿಲೆಗೆ ಇದೇ ಕಾರಣ ಎಂದು ಯಾರೂ ಬೆರಳು ತೋರಲಾರರು. ಅಪ್ಪ ಈಗ ಮಾಡಬಹುದಾದದ್ದು ಉಪವಾಸವಲ್ಲ, ಬೀಡಿ ಬಿಡುವುದು. 1800-11-2356 ತಂಬಾಕು ಬಿಡಿಸುವ ಸರ್ಕಾರಿ ಉಚಿತ ಸಹಾಯವಾಣಿ, ನೀವೇ ಪಕ್ಕದಲ್ಲಿ ಕೂತು ಫೋನ್ ಹಚ್ಚಿಕೊಡಿ. ಅಷ್ಟು ವರ್ಷ ದೂಳು, ಹೊಗೆ ಕುಡಿದ ಅವರ ಎದೆಯನ್ನೂ ಒಮ್ಮೆ ತೋರಿಸಿ.

ಅವ್ವನಿಗೆ ಹೇಳಬೇಕು. ಬಯಾಪ್ಸಿಗೆ ಒಪ್ಪಿಗೆ ಕೊಡಬೇಕಾದವರು ಅವರೇ. ಮನೆಯವರೆಲ್ಲ ಪಿಸುಗುಡುವುದನ್ನು ಅವರು ಈಗಾಗಲೇ ಗಮನಿಸಿರುತ್ತಾರೆ, ಏನೆಂದು ತಿಳಿಯದೆ ಒಬ್ಬರೇ ಹೆದರುತ್ತಿರಬಹುದು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಬೇಕಿಲ್ಲ. ‘ಎದೆಯಲ್ಲಿ ಒಂದು ಗಡ್ಡೆ ಇದೆಯಂತೆ ಅವ್ವಾ, ಯಾವುದೆಂದು ನೋಡಬೇಕಂತೆ, ನಾನು ಜೊತೆಗೇ ಇರ್ತೀನಿ’ ಎಂದು ಶುರುಮಾಡಿ. ಅವರು ಕೇಳಿದಷ್ಟಕ್ಕೆ ಸುಳ್ಳಿಲ್ಲದ ಉತ್ತರ ಕೊಡಿ.

ಬಯಾಪ್ಸಿ ಬಳ್ಳಾರಿಯಲ್ಲೇ ಆಗಲಿ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಬೇಕಾದರೆ ರಿಪೋರ್ಟಿನ ಜೊತೆ ತೆಗೆದ ಚೂರಿನ ಸ್ಲೈಡು, ಬ್ಲಾಕುಗಳನ್ನೂ ಕೇಳಿ ಪಡೆಯಿರಿ, ಮತ್ತೆ ಸೂಜಿ ಚುಚ್ಚಿಸುವುದು ತಪ್ಪಬಹುದು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೈಯಲ್ಲಿರಲಿ. ಈ ವಾರವೇ ಹೊರಡಿ.